ಅಪ್ಪನ ಪ್ಯಾಂಟಿನೊಳಗಿನ ಸ್ಟಾಕಿಂಗ್ಸ್

ನಾನು ಗಂಡಸರ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಕೆಲಸ ಅಂದರೆ ದೊಡ್ಡದೇನಲ್ಲ. ಟ್ರಯಲ್ ರೂಮಿನ ಬಾಗಿಲ ಹೊರಗೆ ನಿಂತಿರಬೇಕು; ಒಳಗಿಂದ ಯಾರು ಏನು ತೊಟ್ಟು ಬಂದರೂ ಒಂದು ಹೆಜ್ಜೆ ಹಿಂದೆ ಸರಿದು, ಕತ್ತನ್ನು ಸ್ವಲ್ಪ ಓರೆ ಮಾಡಿ, "ನಿಮಗೆ ಹೇಳಿ ಮಾಡಿಸಿದ ಹಾಗಿದೆ ಸಾರ್" ಅನ್ನಬೇಕು. ಹೊಟ್ಟೆ ಗುಂಡಿಗಳ ನಡುವಿಂದ ಇಣುಕಿ ನೋಡುತ್ತಿದ್ದರೂ ಅದೇ ಮಾತು. ಐದು ವರ್ಷದಲ್ಲಿ ಇದನ್ನು ಸಾವಿರಾರು ಜನಕ್ಕೆ ಹೇಳಿದ್ದೇನೆ, ಒಮ್ಮೆಯೂ ನಾಲಿಗೆ ತಡವರಿಸಿಲ್ಲ. ಹೇಳಲೇಬೇಕಾಗಿದ್ದ ಒಬ್ಬನಿಗೆ ಮಾತ್ರ ಹೇಳಲಿಲ್ಲ. ಅವನು ನನ್ನ ಅಪ್ಪ.

ಅಪ್ಪ ಇಪ್ಪತ್ತೇಳು ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಹೊತ್ತವನು. ಬಟಾಣಿ, ಮೀನು, ಐಸ್‌ಕ್ರೀಮು, ಹೀಗೆ ಊರವರೆಲ್ಲ ಬೇಸಿಗೆಯಲ್ಲಿ ಚಪ್ಪರಿಸುವುದನ್ನೆಲ್ಲ ಅವನು ವರ್ಷವಿಡೀ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ಎತ್ತಿಡುತ್ತಿದ್ದ. ಇಪ್ಪತ್ತು ನಿಮಿಷ ಒಳಗೆ, ಹತ್ತು ನಿಮಿಷ ಹೊರಗೆ. ಕಂಪನಿ ದಪ್ಪ ಜಾಕೆಟ್ ಕೊಡುತ್ತಿತ್ತು, ಕೈಗವಸು ಕೊಡುತ್ತಿತ್ತು, ಬೂಟು ಕೊಡುತ್ತಿತ್ತು. ಸೊಂಟಕ್ಕೂ ಬೂಟಿಗೂ ನಡುವೆ ಮನುಷ್ಯನಿಗೆ ಎರಡು ಮಂಡಿಗಳಿರುತ್ತವೆ ಎಂಬುದು ಮಾತ್ರ ಅವರ ಲಕ್ಷ್ಯಕ್ಕೆ ಬಂದಿರಲಿಲ್ಲ.

ಅಮ್ಮ ದೊಡ್ಡ ಹೋಟೆಲೊಂದರ ಮುಂದಿನ ಕೌಂಟರಿನಲ್ಲಿದ್ದಳು. ಬಂದವರಿಗೆ ರೂಮಿನ ಕೀ ಕೊಟ್ಟು ನಗುವ ಕೆಲಸ. ಮಂಡಿಯವರೆಗಿನ ನೀಲಿ ಸ್ಕರ್ಟು, ಅದರ ಕೆಳಗೆ ಮೈಬಣ್ಣದ ನೈಲಾನ್ ಸ್ಟಾಕಿಂಗ್ಸು; ಸೊಂಟದಿಂದ ಕಾಲ್ಬೆರಳ ತುದಿಯವರೆಗೆ ಒಂದೇ ತುಂಡು, ಈರುಳ್ಳಿ ಸಿಪ್ಪೆಯಷ್ಟು ತೆಳು. ಮೇಜಿನ ಮೂಲೆ ತಾಗಿದರೆ ಸಾಕು, ಒಂದು ಎಳೆ ಕಿತ್ತುಕೊಂಡು ಮೇಲಿಂದ ಕೆಳಗೆ ಗೀರು ಓಡುತ್ತಿತ್ತು. ಗೀರು ಬಿದ್ದ ಕಾಲಲ್ಲಿ ಕೌಂಟರಿಗೆ ನಿಲ್ಲುವ ಹಾಗಿಲ್ಲ. ಅದಕ್ಕೇ ಅವಳ ಬ್ಯಾಗಿನಲ್ಲಿ ಮರೂನ್ ಬಣ್ಣದ ನೈಲ್ ಪಾಲಿಶ್ ಯಾವಾಗಲೂ ಇರುತ್ತಿತ್ತು. ಉಗುರಿಗಲ್ಲ. ಗೀರು ಎಲ್ಲಿ ಶುರುವಾಯಿತೋ ಅಲ್ಲಿ ಒಂದು ಚುಕ್ಕೆ ಇಟ್ಟರೆ ಅದು ಒಣಗಿ ಗಟ್ಟಿಯಾಗಿ ಎಳೆಯ ಓಟ ನಿಲ್ಲುತ್ತದೆ. ಚುಕ್ಕೆ ಸ್ಕರ್ಟಿನ ಮರೆಯಲ್ಲಿದ್ದರೆ ಆ ಜೊತೆ ಇನ್ನೊಂದು ತಿಂಗಳು ಕೌಂಟರಿಗೆ ಹೋಗುತ್ತಿತ್ತು. ಕೆಳಗೆ ಬಂದರೆ ಅಪ್ಪನ ಪಾಲು.

ಅಪ್ಪನ ಪಾಲಾದದ್ದು ಹೇಗೆ ಅನ್ನುವುದನ್ನು ಅವರಿಬ್ಬರೂ ಅಭಿನಯ ಮಾಡಿ ತೋರಿಸುತ್ತಿದ್ದರು. ಮದುವೆಯಾದ ವರ್ಷ ಒಂದು ಬೆಳಿಗ್ಗೆ ಅಮ್ಮ ಗೀರು ಬಿದ್ದ ಜೊತೆಯೊಂದನ್ನು ಅವನ ಮುಂದೆ ಹಿಡಿದಳಂತೆ.

"ಇದನ್ನ ಪ್ಯಾಂಟಿನೊಳಗೆ ಹಾಕ್ಕೊಳ್ಳಿ."

"ತಲೆ ಕೆಟ್ಟಿದೆಯಾ ನಿಂಗೆ? ಗಂಡಸು ನಾನು!"

"ಗಂಡಸಿನ ಮಂಡಿಗೆ ಚಳಿ ಆಗಲ್ವಾ? ಮಲಗಿದ್ರೆ ಅಯ್ಯೋ ಅಪ್ಪಾ ಅಂತ ನರಳೋರು ಯಾರು, ಪಕ್ಕದ್ಮನೆಯವ್ರಾ?"

"ಯಾರಾದ್ರೂ ನೋಡಿದ್ರೆ?"

"ನಿಮ್ಮ ಪ್ಯಾಂಟು ಬಿಚ್ಚಿ ನೋಡೋ ಆಸೆ ಯಾರಿಗಿದೆ ಹೇಳಿ? ನಂಗೇ ಇಲ್ಲ."

ಅಪ್ಪ ಹಾಕಿಕೊಂಡ. ಆಮೇಲೆ ಬಿಡಲಿಲ್ಲ.

ನಮ್ಮ ಮನೆಯಲ್ಲಿ ಸ್ಟಾಕಿಂಗ್ಸಿಗೆ ನಿವೃತ್ತಿ ಇತ್ತು, ಸಾವು ಇರಲಿಲ್ಲ. ಒಂದು ಕಾಲು ಹಾಳಾದರೆ ಅದನ್ನಷ್ಟೇ ಕತ್ತರಿಸಿ, ಇನ್ನೊಂದು ಒಂಟಿಕಾಲಿನದು ಸಿಗುವವರೆಗೆ ಕಾಯುತ್ತಿದ್ದರು. ಒಂಟಿಕಾಲಿನವೆರಡನ್ನು ಒಂದರ ಮೇಲೊಂದು ತೊಟ್ಟರೆ ಒಂದು ಪೂರ್ತಿ ಜೊತೆ. ಕತ್ತರಿಸಿದ ಕಾಲು ಅಡುಗೆಮನೆಗೆ ಹೋಗುತ್ತಿತ್ತು. ಒಂದು ಈರುಳ್ಳಿ, ಒಂದು ಗಂಟು, ಮತ್ತೊಂದು ಈರುಳ್ಳಿ, ಮತ್ತೊಂದು ಗಂಟು, ಹೀಗೆ ಬಾಗಿಲ ಹಿಂದಿನ ಮೊಳೆಗೆ ನೇತುಬಿಟ್ಟರೆ ತಿಂಗಳುಗಟ್ಟಲೆ ಕೊಳೆಯದು. ಬೆರಳಿನ ತುದಿಯ ಚೀಲದಲ್ಲಿ ಸೋಪಿನ ಚೂರುಗಳು ಸೇರಿ ನಲ್ಲಿಗೆ ಜೋತುಬೀಳುತ್ತಿದ್ದವು. ಕುಂಡದ ಟೊಮೇಟೊ ಗಿಡವನ್ನು ಕೋಲಿಗೆ ಕಟ್ಟಲು ಅದರಂಥದ್ದಿಲ್ಲ, ಗಿಡ ದಪ್ಪಗಾದ ಹಾಗೆ ತಾನೂ ಹಿಗ್ಗುತ್ತದೆ, ಕಾಂಡ ಕೊಯ್ಯುವುದಿಲ್ಲ. ಕೊನೆಗೆ ಉಳಿದ ಚಿಂದಿ ದಿಂಬಿನ ಹೊಟ್ಟೆಗೆ. ನಾನು ಹುಟ್ಟಿದಾಗಿನಿಂದ ತಲೆಯಿಟ್ಟು ಮಲಗಿದ್ದು ಅಮ್ಮನ ಹೋಟೆಲಿನ ಕೌಂಟರಿನ ಮೇಲೆಯೇ ಅನ್ನಬಹುದು.

ಒಮ್ಮೆ ಶಾಲೆಯ ಗೆಳೆಯನೊಬ್ಬ ಬಾಗಿಲ ಹಿಂದೆ ನೋಡಿ, "ಏನೋ ಇದು, ನಿಮ್ಮನೆ ಈರುಳ್ಳಿಗೆ ಕಾಲಿದೆ!" ಅಂದ. ಮರುದಿನ ಇಡೀ ತರಗತಿಗೆ ಗೊತ್ತಾಯಿತು. ಅಂದಿನಿಂದ ನಾನು ಯಾರನ್ನೂ ಮನೆಗೆ ಕರೆಯಲಿಲ್ಲ. ನಾಚಿಕೆಪಡುವುದರಲ್ಲಿ ನನಗೆ ಚಿಕ್ಕಂದಿನಿಂದಲೇ ಒಳ್ಳೆಯ ಅಭ್ಯಾಸವಿದೆ.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತು. ಅದು ಓಡುವುದನ್ನು ನಿಲ್ಲಿಸುವ ಚುಕ್ಕೆ ಯಾರ ಬಳಿಯೂ ಇರಲಿಲ್ಲ. ಅವಳ ಡ್ರಾದಲ್ಲಿ ಹನ್ನೊಂದು ಜೊತೆ ಉಳಿದಿದ್ದವು. ಹೊಸದು ಇನ್ನು ಬರುವುದಿಲ್ಲ ಎಂಬುದು ಅಪ್ಪನಿಗೆ ಗೊತ್ತಿತ್ತು. ಪೆಟ್ಟಿಗೆ ಹೊತ್ತು ಹೊತ್ತು ಮರದ ತೊಗಟೆಯಾಗಿದ್ದ ಕೈ ನೈಲಾನಿಗೆ ತಾಗಿದರೆ ಎಳೆ ಕೀಳುತ್ತದೆಂದು, ಅವನು ಊಟವಾದ ಮೇಲೆ ಕೂತು ಅಮ್ಮನ ಅರದಿಂದ ಉಗುರು ಉಜ್ಜುತ್ತಿದ್ದ, ಅಂಗೈಗೆ ಎಣ್ಣೆ ತಿಕ್ಕುತ್ತಿದ್ದ. ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು, ಸ್ಟಾಕಿಂಗ್ಸನ್ನು ಬೆರಳಿನ ತುದಿಯವರೆಗೆ ಸುರುಳಿ ಸುತ್ತಿ, ಎರಡೂ ಹೆಬ್ಬೆರಳಿನಿಂದ ನಿಧಾನಕ್ಕೆ ಮೇಲೆ ಬಿಡಿಸುತ್ತಿದ್ದ. ಅಮ್ಮ ಹಾಕಿಕೊಳ್ಳುತ್ತಿದ್ದದ್ದು ಹಾಗೆಯೇ. ಎಲ್ಲಾದರೂ ಗೀರು ಕಂಡರೆ ಅದೇ ಮರೂನ್ ಶೀಶೆ ತೆಗೆದು ಚುಕ್ಕೆ ಇಡುತ್ತಿದ್ದ. ಶೀಶೆ ಗಟ್ಟಿಯಾಗದಿರಲಿ ಎಂದು ತಿಂಗಳಿಗೊಮ್ಮೆ ಎರಡು ಹನಿ ಥಿನ್ನರ್ ಬಿಟ್ಟು ಅಲ್ಲಾಡಿಸುತ್ತಿದ್ದ.

"ಅಪ್ಪಾ, ಚಳಿಗೆ ಥರ್ಮಲ್ ಅಂತ ಬರುತ್ತೆ. ನಮ್ಮಂಗಡೀಲೇ ಇದೆ, ತಂದುಕೊಡ್ತೀನಿ," ಎಂದೆ ಒಮ್ಮೆ.

"ನಿಮ್ಮಂಗಡೀಲಿ ಎಲ್ಲಾ ಇರುತ್ತೆ ಕಣೋ," ಎಂದು ಅವನು ಸ್ಟಾಕಿಂಗ್ಸನ್ನು ಕಿಟಕಿಯ ಬೆಳಕಿಗೆ ಹಿಡಿದ.

ಈ ವರ್ಷದ ಹೊತ್ತಿಗೆ ಹತ್ತು ಜೊತೆ ಈರುಳ್ಳಿ, ಸೋಪು, ದಿಂಬುಗಳಾಗಿ ಹೋಗಿದ್ದವು. ತೊಡುವಂಥದ್ದು ಒಂದೇ ಉಳಿದಿತ್ತು. ಅಪ್ಪ ಅದನ್ನು ದಿನಾ ಸಂಜೆ ಒಗೆದು ಬೆಳಿಗ್ಗೆ ತೊಡುತ್ತಿದ್ದ.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಗೆ ಫೋನ್ ಬಂತು. ಪೇರಿಸಿದ್ದ ಅಟ್ಟಿ ಜಾರಿ ಪೆಟ್ಟಿಗೆಗಳು ಅಪ್ಪನ ಎಡಗಾಲ ಮೇಲೆ ಬಿದ್ದಿದ್ದವು. ನಮ್ಮ ಸೂಪರ್‌ವೈಸರ್ ತನ್ನ ಸ್ಕೂಟರಿನಲ್ಲೇ ನನ್ನನ್ನು ಆಸ್ಪತ್ರೆಗೆ ಕರೆದೊಯ್ದ. ಒಳ್ಳೆಯವನೇ, ಆದರೆ ಅಂದು ಕಂಡದ್ದನ್ನು ಸಂಜೆಯೊಳಗೆ ಇಡೀ ಅಂಗಡಿಗೆ ಹೇಳಬಲ್ಲವನು.

ಅಪ್ಪ ಸ್ಟ್ರೆಚರ್ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ನರ್ಸ್ ಅವನ ಪ್ಯಾಂಟನ್ನು ಕತ್ತರಿಯಿಂದ ಸೀಳಿ ತೆಗೆದಳು. ಆಮೇಲೆ ಅವಳ ಕೈ ನಿಂತಿತು. ಕೂದಲು ತುಂಬಿದ ಆ ದಪ್ಪ ಕಾಲುಗಳ ಮೇಲೆ ಮೈಬಣ್ಣದ ತೆಳು ನೈಲಾನು, ಬಲ ಮಂಡಿಯ ಮೇಲೆ ಕೆಂಪಗೆ ಏನೋ.

"ಇಲ್ಲೂ ರಕ್ತ ಇದೆ," ಎಂದು ಅವಳು ಹತ್ತಿಯಿಂದ ಒರೆಸಿದಳು. ಹೋಗಲಿಲ್ಲ. ಬಗ್ಗಿ ನೋಡಿದಳು. "ಅಯ್ಯೋ, ನೈಲ್ ಪಾಲಿಶ್!"

ನನ್ನ ಬೆನ್ನ ಹಿಂದೆ ಸೂಪರ್‌ವೈಸರ್ ಫಕ್ಕನೆ ನಕ್ಕು, ಅದನ್ನು ಕೆಮ್ಮಾಗಿಸಲು ನೋಡಿದ. ನನ್ನ ಕಿವಿ ಕಾದ ಹಂಚಾಯಿತು. ಆಗ ನಾನು ಏನು ಮಾಡಿದೆ ಅಂದರೆ, ಅವನ ಜೊತೆ ಸೇರಿ ನಾನೂ ಹಿ ಹಿ ಎಂದು ನಕ್ಕೆ.

ನರ್ಸ್ ನಗಲಿಲ್ಲ. ಮುರಿದ ಕಾಲಿನ ಮೇಲಿದ್ದ ನೈಲಾನನ್ನು ಕತ್ತರಿಸಿ ತೆಗೆದು, ಬಲಗಾಲಿನದನ್ನು ನಾಜೂಕಾಗಿ ಸುರುಳಿ ಸುತ್ತಿ ಬಿಡಿಸಿದಳು. "ಒಂದು ಕಾಲು ಪೂರ್ತಿ ಚೆನ್ನಾಗಿದೆ. ಕವರಲ್ಲಿ ಹಾಕ್ಕೊಡ್ಲಾ?"

"ಬೇಡ ಬೇಡ, ಅದು ನಮ್ಮದಲ್ಲ."

ಅಪ್ಪನ ಕಾಲಿನಿಂದ ಈಗಷ್ಟೇ ತೆಗೆದದ್ದು, ಇನ್ನೂ ಬೆಚ್ಚಗಿದ್ದಿರಬೇಕು.

"ನಿಮ್ಮದಲ್ವಾ?"

"ಅಲ್ಲ ಸಿಸ್ಟರ್. ಬಿಸಾಕಿ."

ಅವಳು ಕಾಲಿನಿಂದ ಕಸದ ಡಬ್ಬಿಯ ಪೆಡಲ್ ಒತ್ತಿದಳು. ಅದು ತೆರೆದು ಟಪ್ ಎಂದು ಮುಚ್ಚಿಕೊಂಡಿತು.

ಮರುದಿನ, ಆಪರೇಷನ್ ಮುಗಿದು ಮಂಪರು ಇಳಿದಾಗ ಅಪ್ಪ ಮೊದಲು ಕೇಳಿದ್ದು ಕಾಲಿನ ಬಗ್ಗೆ ಅಲ್ಲ.

"ಅದೆಲ್ಲೋ?"

"ಯಾವ್ದಪ್ಪಾ?"

"ಯಾವ್ದು ಅಂತ ಕೇಳ್ತಾನೆ ನೋಡು."

"ಸಿಸ್ಟರ್ ಹತ್ರ ಇದೆ. ಮನೆಗೆ ಹೋಗೋವಾಗ ಕೊಡ್ತಾರಂತೆ."

ಬಾಯಿಗೆ ಎಷ್ಟು ಸಲೀಸಾಗಿ ಬಂತು ಅಂತೀರಿ. ಐದು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ? ನೀರು ತರುತ್ತೇನೆಂದು ಹೇಳಿ ಕೆಳಗೆ ಓಡಿದೆ. ಅದೇ ನರ್ಸ್ ಇದ್ದಳು.

"ಡಬ್ಬಿಯದ್ದೆಲ್ಲ ಬೆಳಿಗ್ಗೆ ಏಳಕ್ಕೇ ಗಾಡಿಯವ್ರು ಬಂದು ತಗೊಂಡು ಹೋದ್ರಲ್ಲ. ಸುಟ್ಟುಬಿಡ್ತಾರೆ ಅದನ್ನ," ಎಂದಳು. ನನ್ನ ಗುರುತು ಹಿಡಿದು, "ನೀವೇ ಅಲ್ವಾ ನಮ್ಮದಲ್ಲ ಅಂದಿದ್ದು?" ಎಂದು ಕೇಳಿದಳು.

ನಾಲ್ಕು ದಿನ ನಾನು ಆ ಸುಳ್ಳಿನ ಮೇಲೆ ಕಾಲ ತಳ್ಳಿದೆ. ಅಪ್ಪ ಮತ್ತೆ ಒಂದೆರಡು ಸಲ ಕೇಳಿದ, "ಸಿಸ್ಟರ್ ಹತ್ರ ಜೋಪಾನವಾಗಿದೆ ತಾನೇ?" ಎಂದು. ನಾನು ಹೂಂ ಅಂದೆ.

ಐದನೆಯ ದಿನ ಟ್ರಾಲಿ ಮಾಮ ಬಂದ. ಅಪ್ಪನ ಜೊತೆ ಕೆಲಸ ಮಾಡುವವನು, ಟ್ರಾಲಿ ಎಳೆಯುವುದರಿಂದ ಎಲ್ಲರಿಗೂ ಟ್ರಾಲಿ. ಬಾಗಿಲಷ್ಟು ಅಗಲದ ಆಳು. ಮಂಚದ ಪಕ್ಕ ಕೂತು ಅಪ್ಪನ ಪ್ಲಾಸ್ಟರನ್ನು ಬೆರಳಿನಿಂದ ಕುಟ್ಟಿ ನೋಡಿ, "ಒಳ್ಳೆ ಪ್ಯಾಕಿಂಗ್ ಮಾಡಿದಾರೆ ಬಿಡು. ರೆಡಿ ಟು ಲೋಡ್!" ಎಂದ. ಆಮೇಲೆ ಒಂದು ಚೀಲವನ್ನು ಅಪ್ಪನ ಹೊಟ್ಟೆಯ ಮೇಲಿಟ್ಟ.

"ನಿಂದು ಆಸ್ಪತ್ರೆಯವ್ರು ಕತ್ತರಿಸಿರ್ತಾರೆ ಅಂತ ಗೊತ್ತಿತ್ತು. ಹುಡುಗ್ರ ಹತ್ರ ಇದ್ದಿದ್ದೆಲ್ಲ ಒಟ್ಟುಮಾಡಿ ತಂದಿದೀನಿ."

ಚೀಲದ ತುಂಬ ಸ್ಟಾಕಿಂಗ್ಸು.

ನನ್ನ ಬಾಯಿ ತೆರೆದಿದ್ದು ನೋಡಿ ಅವನು ನಕ್ಕ. "ಯಾಕೋ ಮರಿ, ನಿಂಗೊತ್ತಿಲ್ವಾ? ಹೋಟೆಲಿನ ಹುಡುಗೀರೆಲ್ಲ ಬಿಸಾಕೋದನ್ನ ಅತ್ತಿಗೆ ಒಗೆದು ಮಡಚಿ ನಮಗೆ ಕಳಿಸೋರು. ನಮ್ಮ ಶಿಫ್ಟಲ್ಲಿ ಹದಿನಾಲ್ಕು ಜನ. ಹದಿನಾಲ್ಕು ಜನಾನೂ ಹಾಕ್ಕೋತೀವಿ." ಪ್ಯಾಂಟಿನ ಅಂಚನ್ನು ಒಂದು ಗೇಣು ಎತ್ತಿ ತೋರಿಸಿದ. "ನೋಡು! ಐವತ್ತಾರು ವರ್ಷ, ಇವತ್ತಿಗೂ ಮೆಟ್ಟಿಲು ಹತ್ತೋದು ಕೈ ಊರದೇನೇ. ಅತ್ತಿಗೆ ಕೃಪೆ."

ವಾರ್ಡಿನ ನಡುವೆ, ಎಲ್ಲರೆದುರು, ಇಷ್ಟಗಲದ ಮನುಷ್ಯ ಕಾಲೆತ್ತಿ ಹೆಮ್ಮೆಯಿಂದ ತೋರಿಸಿದ. ನಾಚಿಕೆಯಿಂದ ಯಾರೂ ಸಾಯಲಿಲ್ಲ.

ಅಪ್ಪ ಚೀಲದಿಂದ ಒಂದೊಂದೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಸೊಂಟದಿಂದ ಬೆರಳಿನವರೆಗೆ ನಿಧಾನವಾಗಿ ಕಣ್ಣು ಇಳಿಸಿದ. ಮಡಚಿಟ್ಟ. ಮುಂದಿನದು ತೆಗೆದ. ಅವನು ಏನು ಹುಡುಕುತ್ತಿದ್ದಾನೆಂದು ನನಗೆ ಗೊತ್ತಿತ್ತು. ಆದರೆ ಅಮ್ಮ ಚುಕ್ಕೆಯಿಟ್ಟದ್ದನ್ನೆಲ್ಲ ಅವನಿಗೇ ಇಟ್ಟು, ಬೇರೆಯವರಿಗೆ ಬೇರೆಯವರದ್ದನ್ನು ಕಳಿಸಿದ್ದಳು. ಒಂಬತ್ತನ್ನೂ ನೋಡಿ ಮುಗಿಸಿದ.

"ಚೆನ್ನಾಗಿವೆ ಕಣೋ. ಒಳ್ಳೊಳ್ಳೇವು," ಎಂದ ಟ್ರಾಲಿ ಮಾಮನಿಗೆ.

ಮಾಮ ಹೋದ ಮೇಲೆ ನಾನು ಮಂಚದ ಕಾಲ ಬಳಿ ನಿಂತೆ.

"ಅಪ್ಪಾ, ಅದು ಸಿಸ್ಟರ್ ಹತ್ರ ಇಲ್ಲ."

"ಗೊತ್ತು."

"ನಾನೇ ಅವತ್ತು..."

"ಮುರಿದದ್ದು ಕಾಲು ಕಣೋ. ಕಿವಿ ಅಲ್ಲ."

ಅಂದರೆ ನನ್ನ ನಗುವೂ ಕೇಳಿಸಿತ್ತು.

"ಗೊತ್ತಿದ್ರೆ ಮತ್ಯಾಕೆ ಅಷ್ಟು ಸಲ ಕೇಳ್ದೆ?"

ಅಪ್ಪ ಚೀಲದ ಬಾಯಿಯನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

"ಆಮೇಲಾದ್ರೂ ಹೋಗಿ ಎತ್ತಿಟ್ಟಿರ್ತೀಯೇನೋ ಅಂದ್ಕೊಂಡೆ," ಎಂದ.

ಬೈದಿದ್ದರೆ ಆಗುತ್ತಿತ್ತು. ಅವನು ಚೀಲವನ್ನು ದಿಂಬಿನ ಪಕ್ಕಕ್ಕೆ ಸರಿಸಿಟ್ಟ.

ಈಗ ಅಪ್ಪನಿಗೆ ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಕೆಲಸ. ಕೋಲೂರಿಕೊಂಡು ಹೋಗಿ, ಬಿಸಿಲಿನಲ್ಲಿ ಕುರ್ಚಿ ಹಾಕಿ ಕೂತು, ಲಾರಿ ಬಂದರೆ ಗೇಟು ತೆರೆಯುತ್ತಾನೆ. ಅಲ್ಲಿ ಚಳಿಯಿಲ್ಲ. ಟ್ರಾಲಿ ಮಾಮ ತಂದ ಒಂಬತ್ತು ಜೊತೆ ಡ್ರಾದಲ್ಲಿ ಮಡಚಿದ ಹಾಗೆಯೇ ಇವೆ. ಬಾಗಿಲ ಹಿಂದೆ ಅಮ್ಮನ ಸ್ಟಾಕಿಂಗ್ಸಿನ ಹಳೆಯ ಈರುಳ್ಳಿ ಸರ ನೇತಾಡುತ್ತಿದೆ, ಈರುಳ್ಳಿಗಳು ಮೊಳಕೆಯೊಡೆದಿವೆ, ಅಪ್ಪ ಅದರಿಂದ ಒಂದನ್ನೂ ಕತ್ತರಿಸಿ ತೆಗೆಯುವುದಿಲ್ಲ. ಅಡುಗೆಗೆ ನಾನು ಅಂಗಡಿಯಿಂದ ಬೇರೆ ತರುತ್ತೇನೆ.

ನಿನ್ನೆ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅವನು, "ಇಲ್ಲಿ ಬಾ, ಓರೆಯಾಗಿದೆ," ಎಂದು ಕರೆದು ನನ್ನ ಟೈ ಸರಿಮಾಡಿದ. ಚಿಕ್ಕವನಾಗಿದ್ದಾಗ ಶಾಲೆಗೆ ಕಳಿಸುವಾಗ ಮಾಡುತ್ತಿದ್ದ ಹಾಗೆ. ಅವನ ಬೆರಳು ಟೈಗೆ ಸಿಕ್ಕಿಕೊಂಡಿತು. ನೋಡಿದರೆ ಉಗುರುಗಳು ಬೆಳೆದು ಅಂಚು ಸೀಳಿವೆ, ಅಂಗೈಯ ಚರ್ಮ ಎದ್ದಿದೆ. ಎಣ್ಣೆ ಕಂಡು ಎಷ್ಟು ದಿನವಾಗಿತ್ತೋ. ಬೆರಳು ಬಿಡಿಸಿಕೊಂಡಾಗ ಟೈನ ಒಂದು ಎಳೆ ಕಿತ್ತುಕೊಂಡು ಬಂತು.

"ತಡಿ, ತಡಿ, ಎಳೀಬೇಡ, ಓಡುತ್ತೆ," ಎನ್ನುತ್ತ ಅವನು ಕೋಲನ್ನೂ ಮರೆತು, ಗೋಡೆ ಹಿಡಿದುಕೊಂಡು ಅಮ್ಮನ ಡ್ರಾದ ತನಕ ಹೋದ. ಮರೂನ್ ಶೀಶೆ ತೆಗೆದ. ಅಲ್ಲಾಡಿಸಿದ. ಮುಚ್ಚಳ ತಿರುಗಿಸಿ ಕುಂಚ ಎಳೆದ, ಅದು ಬರಲಿಲ್ಲ. ಇನ್ನೊಮ್ಮೆ ಎಳೆದ. ಬೆಳಕಿಗೆ ಹಿಡಿದು ನೋಡಿದ.

ಆಮೇಲೆ ಶೀಶೆಯನ್ನು ಎಲ್ಲಿತ್ತೋ ಅಲ್ಲೇ ಇಟ್ಟು ಡ್ರಾ ಮುಚ್ಚಿದ.

"ಹೋಗು, ನಿಂಗೆ ತಡ ಆಗುತ್ತೆ," ಎಂದ.

ಅಂಗಡಿಯಲ್ಲಿ ಸೂಪರ್‌ವೈಸರ್ ಟೈ ನೋಡಿ, ಎಳೆ ನೇತಾಡುತ್ತಿದೆ, ಕತ್ತರಿಸಿಕೋ ಎಂದು ಕತ್ತರಿ ಕೊಟ್ಟ. ನಾನು ತೆಗೆದುಕೊಳ್ಳಲಿಲ್ಲ.

"ಇರಲಿ ಸಾರ್," ಎಂದೆ. "ಇದು ನಮ್ಮದೇ."