ಮುಳ್ಳಿಲ್ಲದ ಕುಸುರೆಳ್ಳು

ಹೈದರಾಬಾದಿನ ನಾಚಾರಂನ ಪಾರ್ವತಿಬಾಯಿಗೆ ಅಡುಗೆಯಲ್ಲಿ ಹೇಳಿಕೊಳ್ಳುವಂಥ ಹೆಸರಿರಲಿಲ್ಲ. ಅವರ ಸಾರಿಗೆ ಉಪ್ಪು ಹೆಚ್ಚು, ಚಪಾತಿ ದಪ್ಪ. ಆದರೆ ಸಂಕ್ರಮಣದ ಕುಸುರೆಳ್ಳು ಮಾತ್ರ ಅವರ ಕೈಯದೇ ಆಗಬೇಕು. ಕೆಂಡದ ಶೆಗಡಿಯ ಮೇಲೆ ಹಿತ್ತಾಳೆಯ ಪರಾತವಿಟ್ಟು, ಎಳ್ಳು ಹರಡಿ, ಒಂದೇ ಚಮಚೆ ಸಕ್ಕರೆ ಪಾಕ ಬಿಟ್ಟು, ಬೆರಳ ತುದಿಯಿಂದ ಮೆಲ್ಲಗೆ ಆಡಿಸುತ್ತ ಕೂರುವುದು. ಅದು ಒಣಗಿದ ಮೇಲೆ ಮತ್ತೊಂದು ಚಮಚೆ. ಹೀಗೆ ನಾಲ್ಕು ಚಳಿಯ ಮುಂಜಾವು ಕಳೆದರೆ ಒಂದೊಂದು ಎಳ್ಳಿನ ಮೈಮೇಲೂ ಬೆಳ್ಳಗಿನ ಸಣ್ಣ ಸಣ್ಣ ಮುಳ್ಳುಗಳೇಳುತ್ತವೆ. ಇಪ್ಪತ್ತೇಳು ವರ್ಷ ಅದರ ಮೊದಲ ಡಬ್ಬಿ ಪಕ್ಕದ ಮನೆಯ ಕುಮುದಾಗೇ ಹೋಗಿತ್ತು.

ಇಬ್ಬರೂ ಕಲಬುರ್ಗಿ ಕಡೆಯವರು, ಇಬ್ಬರ ಗಂಡಂದಿರೂ ಒಂದೇ ಸರ್ಕಾರಿ ಕಾರ್ಖಾನೆಯವರು. ಆಮೇಲೆ ಹೈದರಾಬಾದಿನ ಆಚೆ ತುದಿಯಲ್ಲಿ ಗಾಜಿನ ಕಟ್ಟಡಗಳೆದ್ದವು. ಕುಮುದಾ ಅವರ ಮಗಳು ನಿರೀಕ್ಷಾಗೆ ಅಲ್ಲೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು, ಮಣಿಕೊಂಡದಲ್ಲಿ ಫ್ಲ್ಯಾಟ್ ಆಯಿತು, ತಾಯಿಯೂ ಅಲ್ಲಿಗೇ ಹೋದರು. ಹೋದ ಆರು ತಿಂಗಳಿಗೆ ಅವರಿಗೆ ಸ್ವಲ್ಪ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಅದರ ಬೆನ್ನಿಗೇ ಅಪಾರ್ಟ್‌ಮೆಂಟಿನ ಸಕ್ಕರೆ ವಿರೋಧಿ ಮಹಿಳಾ ಸಂಘದ ಅಧ್ಯಕ್ಷಗಿರಿಯೂ ಬಂತು. ಮಾತ್ರೆಗೆ ಕಾಯಿಲೆ ಇಳಿಯಿತು, ಅಧ್ಯಕ್ಷಗಿರಿ ಇಳಿಯಲಿಲ್ಲ.

ಹೋದ ಸಂಕ್ರಮಣಕ್ಕೆ ಪಾರ್ವತಿಬಾಯಿ ಎರಡು ಬಸ್ಸು ಬದಲಿಸಿ ಡಬ್ಬಿ ಒಯ್ದಿದ್ದರು. ಸಂಘದ ಹೆಂಗಸರೆಲ್ಲ ಕೂತಿದ್ದರು. "ಇದು ವಿಷ, ಪಾರ್ವತಿ. ನಮ್ಮ ಮನ್ಯಾಗ ತರಬ್ಯಾಡ," ಎಂದು ಕುಮುದಾ ಎಲ್ಲರೆದುರಿಗೇ ಡಬ್ಬಿಯನ್ನು ಕೆಳಗಿನ ವಾಚ್‌ಮನ್‌ಗೆ ಕಳಿಸಿಬಿಟ್ಟರು. ಹೆಂಗಸರು ಚಪ್ಪಾಳೆ ತಟ್ಟಿದರು.

ಅಂದಿನಿಂದ ಮಾತಿಲ್ಲ, ಫೋನಿಲ್ಲ. ಎಳ್ಳು ಕೊಟ್ಟು ಮುನಿಸು ಮರೆಯುವ ಹಬ್ಬದಲ್ಲೇ ಈ ಮುನಿಸು ಹುಟ್ಟಿತ್ತು. ಇನ್ನೊಂದು ಸಂಕ್ರಮಣವೂ ಹಾಗೇ ದಾಟಿದರೆ ಗೆಳೆತನ ಮುಗಿದಂತೆ ಎಂದು ಪಾರ್ವತಿಬಾಯಿಗೆ ಗೊತ್ತಿತ್ತು. ಅದಕ್ಕೇ ಈ ಸಲ ಸಕ್ಕರೆಯಿಲ್ಲದ ಕುಸುರೆಳ್ಳು ಮಾಡಲು ಕೂತರು.

ಸಕ್ಕರೆಯ ಬದಲಿಗೆ ಹಾಕುವ ಪುಡಿಯನ್ನು ಗಂಡ ಗುರುಶಾಂತ ಔಷಧದ ಅಂಗಡಿಯಿಂದ ತಂದುಕೊಟ್ಟರು. ಅವರು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ಸ್ಕ್ರೂ ಅಳೆದವರು. ನಿವೃತ್ತಿಯಾದ ಮೇಲೆ ಅಳೆಯಲು ಹೆಂಡತಿಯ ಅಡುಗೆಯೊಂದೇ ಉಳಿದಿತ್ತು.

ಪುಡಿ ನೀರಿನಲ್ಲಿ ಕರಗಿತು, ಪಾಕವಾಗಲಿಲ್ಲ. ಪರಾತಕ್ಕೆ ಬಿಟ್ಟರೆ ಎಳ್ಳು ಒದ್ದೆಯಾಯಿತು, ಒಣಗಿದರೆ ಮತ್ತೆ ಬರೀ ಎಳ್ಳಾಯಿತು. ಮರುದಿನ ಪುಡಿ ಹೆಚ್ಚಿಸಿದರು. ಎಳ್ಳು ಬೂದಿ ಬಣ್ಣಕ್ಕೆ ತಿರುಗಿ ಗಂಟುಗಟ್ಟಿತು. ಗುರುಶಾಂತ ಕನ್ನಡಕ ಏರಿಸಿಕೊಂಡು ಒಂದು ಗಂಟಿಗೆ ಮೈಕ್ರೋಮೀಟರ್ ಹಚ್ಚಿದರು.

"ಮುಳ್ಳು ಸೊನ್ನೆ. ರಿಜೆಕ್ಟ್."

"ಅಳೀಬ್ಯಾಡ್ರಿ, ತಿಂದು ಹೇಳ್ರಿ."

ತಿಂದರು. ಮೇಲೊಂದು ಲೋಟ ನೀರು ಕುಡಿದರು.

"ಗುಳಿಗಿ ತಿಂದಂಗ ಐತಿ. ಯಾವ ರೋಗದ್ದಂತ ಅಷ್ಟ ತಿಳೀವಲ್ದು."

"ಖರ್ಜೂರದ ರಸ ಹಾಕ್ಲೇನು?"

"ಅದರಾಗೂ ಸಕ್ಕರೀನ ಇರ್ತೈತಿ."

"ಸಂಘದವರು ಹಾಕ್ತಾರಂತಲ್ರಿ."

"ಅದು ಸಂಘದ ಸಕ್ಕರಿ. ಅದಕ್ಕ ಮಾಫಿ ಐತಿ."

ನಾಲ್ಕನೆಯ ಮುಂಜಾವು ಪಾರ್ವತಿಬಾಯಿಯ ಕೈ ಸಕ್ಕರೆ ಡಬ್ಬಿಯ ತನಕ ಹೋಯಿತು. ಎರಡು ಚಮಚೆ ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕಾಯಿಲೆಯವಳಿಗೆ ಸುಳ್ಳು ತಿನ್ನಿಸುವುದು ಹೇಗೆ? ಕೈ ಹಿಂದೆ ಬಂತು. ಎಳ್ಳನ್ನು ತೊಳೆದು, ಒಣಗಿಸಿ, ಹದವಾಗಿ ಹುರಿದು, ಅಭ್ಯಾಸಬಲದಿಂದ ಅದೇ ಬೆರಳುಗಳನ್ನು ಸ್ವಲ್ಪ ಹೊತ್ತು ಆಡಿಸಿ, ಡಬ್ಬಿಗೆ ತುಂಬಿದರು.

ಹಬ್ಬದ ದಿನ ಮಣಿಕೊಂಡದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಯಾದಗಿರಿ ಕಡೆಯ ವಾಚ್‌ಮನ್ ಮೌನಪ್ಪ ಎದ್ದು ನಿಂತ.

"ಬರ್ರಿ ಅವ್ವಾರ! ಹೋದ ವರ್ಷದ್ದು ಏನ್ ರುಚಿ ಇತ್ತ್ರಿ! ಅರ್ಧಾ ತಿಂದಿದ್ದಿಲ್ಲ, ಅಧ್ಯಕ್ಷರು ಲಿಫ್ಟಿನಾಗ ಇಳಿದು ಬಂದು ಡಬ್ಬಿ ಕಸಗೊಂಡು ಹೋದ್ರು."

"ಯಾಕಂತ?"

"ಚೆಲ್ಲಾಕಂತ್ರಿ."

"ಚೆಲ್ಲಿದ್ರೇನು?"

"ಕಸದ ಬುಟ್ಟಿ ಇಲ್ಲೇ ಕೆಳಗ ಐತ್ರಿ. ಅವರು ಮ್ಯಾಲೆ ಹೋದ್ರು."

ಪಾರ್ವತಿಬಾಯಿಯೂ ಮೇಲೆ ಹೋದರು. ಹಾಲ್‌ನಲ್ಲಿ ಸಂಘ ನೆರೆದಿತ್ತು. ಓಟ್ಸ್ ಉಂಡೆ, ಅಗಸೆ ಉಂಡೆ, ಖರ್ಜೂರದ ಬರ್ಫಿ, ಎಲ್ಲಕ್ಕೂ ರಿಬ್ಬನ್ನು, ಎಲ್ಲದರ ಮೇಲೂ ಕ್ಯಾಲೊರಿ ಬರೆದ ಕಾರ್ಡು. ಒಬ್ಬರದನ್ನು ಒಬ್ಬರು ಹೊಗಳಿ, ಇರುವೆ ಕಚ್ಚಿದಷ್ಟು ಕಚ್ಚಿ, ಉಳಿದದ್ದನ್ನು "ಮಕ್ಕಳಿಗೆ" ಎಂದು ಚೀಲಕ್ಕೆ ಸೇರಿಸುತ್ತಿದ್ದರು. ಮಕ್ಕಳು ಏನು ತಪ್ಪು ಮಾಡಿದ್ದರೋ ಯಾರೂ ಕೇಳಲಿಲ್ಲ.

ಪಾರ್ವತಿಬಾಯಿಯನ್ನು ಕಂಡ ಕುಮುದಾ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ನಿರೀಕ್ಷಾ ಕಾರ್ಡು, ಪೆನ್ನು ಹಿಡಿದು ಬಂದಳು.

"ಕಾಕು, ಇದರಾಗ ಏನೇನು ಹಾಕೀರಿ?"

"ಎಳ್ಳು."

"ಮತ್ತ?"

"ಎಳ್ಳು."

ಹೆಂಗಸರು ಬೆರಗಾದರು. ಎಷ್ಟು ಶುದ್ಧ ಎಂದರು ಒಬ್ಬರು. ಮಾಡುವ ವಿಧಾನ ಬರೆದುಕೊಡಿ ಎಂದು ಇನ್ನೊಬ್ಬರು ತೆಲುಗಿನಲ್ಲಿ ಗಂಟುಬಿದ್ದರು. ಕುಮುದಾ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

"ಮುಳ್ಳ ಇಲ್ಲಲ್ಲ, ಪಾರ್ವತಿ," ಎಂದರು ಸಣ್ಣ ದನಿಯಲ್ಲಿ.

"ಸಕ್ಕರಿ ಇಲ್ದ ಮುಳ್ಳ ಏಳೂದಿಲ್ಲ. ನಾಲ್ಕು ದಿನ ಕುಂತು ನೋಡೀನಿ. ನಿನಗ ವಿಷ ತರಬಾರದಂತ ಇಷ್ಟ ತಂದೀನಿ." ಪಾರ್ವತಿಬಾಯಿ ತಮ್ಮ ಚೀಲ ಕೈಗೆತ್ತಿಕೊಂಡರು. "ಹೋದ ವರ್ಷದ ನನ್ನ ಡಬ್ಬಿ ಕೊಟ್ಟುಬಿಡು. ಹೋಗ್ತೀನಿ."

ಸಂಘವೆಲ್ಲ ಅಧ್ಯಕ್ಷರತ್ತ ತಿರುಗಿತು. ಕುಮುದಾ ಒಳಗೆ ಹೋದರು. ಬರುವಾಗ ಕೈಯಲ್ಲಿ ಸ್ಟೀಲಿನ ಡಬ್ಬಿಯಿತ್ತು, ತಳದಲ್ಲಿ ಏನೋ ಗಲಗಲ ಅನ್ನುತ್ತಿತ್ತು.

"ಒಂಬತ್ತು ಕಾಳು ಉಳದಾವ. ದಿನಕ್ಕ ಒಂದರಂಗ, ದೇವರ ದೀಪಾ ಹಚ್ಚಿ ತಿಂದೀನಿ. ವಿಷ ಅಂದದ್ದು ಇವರ ಮುಂದ. ಅದಕ್ಕ ಇದನ್ನೂ ಇವರ ಮುಂದನ ಹೇಳ್ತೀನಿ. ತಪ್ಪು ನಂದ, ಪಾರ್ವತಿ."

ಹಾಗೆಂದು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದರು. ಆ ಹಾಲ್‌ನಲ್ಲಿ ಅಂಥ ಸದ್ದು ಕೇಳಿ ವರ್ಷವಾಗಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಂದು ಕಾಳಿನಿಂದ ಏನೂ ಆಗುವುದಿಲ್ಲ ಎಂದು ಸಂಘದ ಖಜಾಂಚಿಯೇ ಮೊದಲು ಕೈ ಚಾಚಿದರು. ಉಳಿದ ಎಂಟು ಕಾಳಿಗೆ ಹನ್ನೊಂದು ಕೈಗಳು ಬಂದವು.

"ಕಾರ್ಡಿನಾಗ ಏನ್ ಬರೀಲಿ?" ಎಂದಳು ನಿರೀಕ್ಷಾ.

"ಸುಮ್ನ ಕೂಡು," ಎಂದರು ಇಬ್ಬರೂ ಒಟ್ಟಿಗೆ.

ಸಂಜೆ ಬಸ್‌ಸ್ಟಾಪಿನ ತನಕ ಬಿಡಲು ಕುಮುದಾ ತಾವೇ ಇಳಿದು ಬಂದರು. ಸಂಘದವರು ಪಾರ್ವತಿಬಾಯಿಗೆ ಹೇರಿದ್ದ ಆರು ರಿಬ್ಬನ್ ಡಬ್ಬಿಗಳನ್ನು ಗೇಟಿನಲ್ಲಿ ಮೌನಪ್ಪನ ಕೈಗಿತ್ತರು. ಅವನು ಒಂದನ್ನು ತೆರೆದು, ಮೂಸಿ, ಮತ್ತೆ ಮುಚ್ಚಿ ಕುಮುದಾ ಅವರತ್ತ ತಿರುಗಿದ.

"ಅಮ್ಮಾರ, ಇವನ್ನ ಕಸಗೊಂಡು ಹೋಗಾಕ ಯಾವಾಗ ಬರ್ತೀರ್ರಿ?"