ಇವತ್ತು ಕೂತುಕೊಂಡು ಸೀರೆ ಮಾರಿದೆ

ಗೆಳತಿಯರೇ, ಗೆಳೆಯರೇ, ಇವತ್ತು ನಾನು ಕೂತುಕೊಂಡು ಸೀರೆ ಮಾರಿದೆ! ಸೇಲಂನ ಸೀರೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುವವರಿಗೆ ಮಾತ್ರ ಗೊತ್ತು, ಇದು ಎಂಥ ಸುದ್ದಿ ಅಂತ.

ಅಂಗಡಿ ಕೆಲಸದವರಿಗೆ ಕೂರಲು ಅನುಕೂಲ ಮಾಡಿಕೊಡಬೇಕೆಂದು ತಮಿಳುನಾಡಿನಲ್ಲಿ ಕಾನೂನೇ ಇದೆ. ನಮ್ಮ ಮೊದಲಾಳಿ, ಅಂದರೆ ಅಂಗಡಿ ಯಜಮಾನರು, ಕೊನೆಗೂ ಇವತ್ತು ಬೆಳಿಗ್ಗೆ ಸ್ಟೂಲ್ ತರಿಸಿದರು. ಆದರೆ ಗಿರಾಕಿ ಬಂದರೆ ಸಾಕು, ನಮ್ಮ ಕಾಲು ತಾನಾಗಿ ಎದ್ದು ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾವೇ ಆ ಸ್ಟೂಲ್‌ಗಳ ಮೇಲೆ ಸೀರೆ ಪೇರಿಸಿಬಿಟ್ಟಿದ್ದೆವು.

ಆಗ ಎಡಪ್ಪಾಡಿಯಿಂದ ಒಬ್ಬ ಅಜ್ಜಿ ಮನೆಯವರ ಜೊತೆ ಮೊಮ್ಮಗಳ ಮದುವೆ ಸೀರೆಗೆ ಬಂದರು. ನಾನು ಪಕ್ಕದವಳ ಹತ್ತಿರ ಕನ್ನಡದಲ್ಲಿ ಆಡಿದ ಮಾತು ಅವರ ಕಿವಿಗೆ ಬಿತ್ತು. ಈ ಕಡೆ ಮನೆಯಲ್ಲಿ ಕನ್ನಡ ಆಡುವವರಲ್ಲಿ ನೇಕಾರರೇ ಹೆಚ್ಚು.

"ನಮ್ಮೋಳಾ? ಮಗ್ಗದೋರ ಮನೆಯವಳಾ?"

"ಊಂ ಅಜ್ಜಿ. ನಮ್ಮಪ್ಪ ಈಗ್ಲೂ ನೇಯ್ತಾರೆ."

"ಅಪ್ಪ ಕೂತ್ಕಂಡು ನೇಯ್ದ ಸೀರೇನ ನೀನು ಯಾಕಮ್ಮಣಿ ನಿಂತ್ಕಂಡು ಮಾರ್ತೀಯ? ಕೂತ್ಕೋ. ನೀ ಕೂತ್ರೇನೇ ನಾ ಸೀರೆ ನೋಡಾದು, ಇಲ್ಲಾಂದ್ರೆ ಬೇರೆ ಅಂಗ್ಡಿಗೆ ಓಯ್ತೀನಿ."

ಮೊದಲಾಳಿ ಓಡಿ ಬಂದರು. ಸ್ಟೂಲ್ ಮೇಲಿನ ಸೀರೆಗಳನ್ನೆಲ್ಲ ತಾವೇ ಬಾಚಿಕೊಂಡು, "ಉಕ್ಕಾರುಮ್ಮಾ, ಉಕ್ಕಾರು!" ಎಂದು ತಮಿಳಿನಲ್ಲಿ ಗೋಗರೆದರು. ಕೂತೆ. ಅಜ್ಜಿ ಸಾವಕಾಶವಾಗಿ ಅರ್ಧ ಅಂಗಡಿ ಬಿಚ್ಚಿಸಿ, ಮದುವೆ ಸೀರೆಯ ಜೊತೆಗೆ ಬೀಗಿತಿಗೂ ಒಂದು ಆರಿಸಿಕೊಂಡರು.

ಅಷ್ಟರಲ್ಲಿ ಅಜ್ಜಿಯ ಮಗ ಮೊದಲಾಳಿಯ ಕುರ್ಚಿಯಲ್ಲೇ ಒರಗಿ ಗೊರಕೆ ಹೊಡೆಯುತ್ತಿದ್ದ. ಮೊದಲಾಳಿ ಕೈತುಂಬ ಸೀರೆ ಹೊತ್ತು ನಿಂತೇ ಇದ್ದರು. ಪಾಪ, ಮೊದಲಾಳಿಗೂ ಸ್ಟೂಲ್ ಹಾಕಬೇಕೆಂದು ಯಾವ ಕಾನೂನೂ ಹೇಳುವುದಿಲ್ಲವಲ್ಲ!