ಹನ್ನೊಂದು ಸಲ ಕೊಂದ ನಾಗವೇಣಕ್ಕ

ನಾಗವೇಣಕ್ಕ ಒಬ್ಬನೇ ಮನುಷ್ಯನನ್ನು ಹನ್ನೊಂದು ಸಲ ಕೊಂದವರು. ಕದ್ದುಮುಚ್ಚಿ ಅಲ್ಲ, ಹಾಡಹಗಲಿನಲ್ಲಿ, ಕುಮಟಾದ ನಮ್ಮ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ, ಬಾಗಿಲು ತೆರೆದಿಟ್ಟುಕೊಂಡು. ಬಲಗೈಯಲ್ಲಿ ಮೌಸು, ಎಡಗೈಯಲ್ಲಿ ಬನ್ಸು. ಆ ಮನುಷ್ಯ ಕಂಪ್ಯೂಟರಿನ ಪರದೆಯ ಮೇಲೆ ಕಣ್ಣು ಮುಚ್ಚಿದ ಕೂಡಲೇ ಇವರು ಬನ್ಸು ಕೆಳಗಿಟ್ಟು, ಕೈ ಒರೆಸಿಕೊಂಡು, ಹಳೆಯ ಡೈರಿಯಲ್ಲಿ ಅವನು ಯಾಕೆ ಸತ್ತನೆಂದು ಬರೆದುಕೊಳ್ಳುತ್ತಿದ್ದರು. ಆಸ್ಪತ್ರೆಯ ಹೆಸರು ನಾನು ಹೇಳುವುದಿಲ್ಲ. ನನಗಿನ್ನೂ ಅಲ್ಲಿಯೇ ಸಂಬಳ ಬರುತ್ತಿದೆ.

ಅಘನಾಶಿನಿಯ ಮೀನುಗಾರರ ಮನೆಯ ಹೆಂಗಸು. ಹೊಳೆಯ ಈ ದಡದಿಂದ ಆ ದಡಕ್ಕೆ ಕೂಗಿ ಮಾತಾಡಿಯೇ ಬೆಳೆದವರಾದ್ದರಿಂದ ಗುಟ್ಟು ಹೇಳಿದರೂ ಎರಡು ವಾರ್ಡಿಗೆ ಕೇಳಿಸುತ್ತಿತ್ತು. ನಾನು ಭಟ್ಕಳದ ಮುಟ್ಟಳ್ಳಿಯಿಂದ ನರ್ಸಿಂಗ್ ಮುಗಿಸಿ ಬಂದಾಗ ಅವರಿಗೆ ಇಪ್ಪತ್ತಾರು ವರ್ಷದ ಸರ್ವಿಸ್ ಆಗಿತ್ತು. ಸವಿತಾ ಎಂಬ ನನ್ನ ಹೆಸರು ಅವರ ಬಾಯಿಗೆ ಬಂದದ್ದು ಕಡಿಮೆ. "ಏ ಮುಟ್ಟಳ್ಳಿ, ಇಲ್ಲಿ ಬಾ" ಎನ್ನುತ್ತಿದ್ದರು. ತುರುಬಿನಲ್ಲಿ ಸದಾ ಒಂದು ಪೆನ್ನು ಸಿಕ್ಕಿಸಿಕೊಂಡು, ಅದೇ ಪೆನ್ನಿಗಾಗಿ ಇಡೀ ವಾರ್ಡನ್ನು ಬೈಯುತ್ತಿದ್ದರು. ಇನ್ನೊಂದು ಚಾಳಿ ನನಗೆ ಬಹಳ ಅಸಹ್ಯವಾಗಿ ಕಾಣುತ್ತಿತ್ತು. ರೋಗಿಗಳ ಮನೆಯಿಂದ ಬಂದ ಟಿಫಿನ್ ಕ್ಯಾರಿಯರಿನ ಮುಚ್ಚಳ ಎತ್ತಿ ಇಣುಕುವುದು. "ಎಂತ ತಂದ್ರಿ? ಓಹೋ, ಪಾಯಸ! ಯಾರಿಗೆ, ನಿಮ್ಮ ಶುಗರಿಗಾ?" ಎಂದು ಅಲ್ಲೇ ಮಾನ ಕಳೆಯುವರು. ಓದಿದ ಹುಡುಗಿಯಾದ ನಾನು ಹೀಗೆಲ್ಲ ಮಾಡುತ್ತಿರಲಿಲ್ಲ. ಸಭ್ಯತೆಯಿಂದ ಕೇಳುತ್ತಿದ್ದೆ.

ಒಂದು ದಿನ ನಮ್ಮ ದೊಡ್ಡ ಡಾಕ್ಟರು ಎಲ್ಲ ನರ್ಸುಗಳನ್ನೂ ಕೂಡಿಸಿ, ಇನ್ನು ಮುಂದೆ ಸಕ್ಕರೆ ಕಾಯಿಲೆಯ ಆರೈಕೆಯನ್ನು ನಾವು ಆನ್‌ಲೈನಿನಲ್ಲಿ ಕಲಿಯಬೇಕೆಂದು ಹೇಳಿದರು. ಕಂಪ್ಯೂಟರಿನೊಳಗೆ ಒಬ್ಬ ರೋಗಿ ಇರುತ್ತಾನೆ, ಅವನಿಗೆ ನಾವು ರಕ್ತ ಪರೀಕ್ಷೆ ಮಾಡಬೇಕು, ಇನ್ಸುಲಿನ್ ಕೊಡಬೇಕು, ಕಾಲಿನ ಗಾಯ ನೋಡಬೇಕು, ಸರಿಯಾಗಿ ಮಾಡಿದರೆ ಬದುಕುತ್ತಾನೆ, ತಪ್ಪಿದರೆ ಸಾಯುತ್ತಾನೆ. ನೂರಕ್ಕೆ ಎಂಬತ್ತು ಅಂಕ ಬಂದವರಿಗೆ ಸರ್ಟಿಫಿಕೇಟು. ಬಾರದವರು ಇನ್ಸುಲಿನ್ ಮುಟ್ಟುವ ಹಾಗಿಲ್ಲ, ವಾರ್ಡಿನಲ್ಲಿ ಇರುವ ಹಾಗೂ ಇಲ್ಲ. ಹದಿನೈದು ದಿನ ಗಡುವು. "ಇದು ಭವಿಷ್ಯ" ಎಂದರು ಡಾಕ್ಟರು. ಅಷ್ಟರಲ್ಲಿ ಕರೆಂಟು ಹೋಯಿತು.

ಪರದೆಯ ಮೇಲಿನ ರೋಗಿಯ ಹೆಸರು ಸ್ಟೀವನ್. ನೀಲಿ ಕಣ್ಣು, ಇಸ್ತ್ರಿ ಮಾಡಿದ ಅಂಗಿ. ನಮ್ಮ ವಾರ್ಡಿನಲ್ಲಿ ಇಷ್ಟು ಒಳ್ಳೆಯ ರೋಗಿಯನ್ನು ನಾನು ಕಂಡಿಲ್ಲ. ಕೇಳಿದ್ದಕ್ಕೆಲ್ಲ ನಿಜ ಹೇಳುತ್ತಿದ್ದ. ಇಷ್ಟು ಹೊತ್ತಿಗೆ ಇಷ್ಟು ತಿಂದೆ ಎನ್ನುತ್ತಿದ್ದ. ಹೆಂಡತಿ, ಅತ್ತೆ, ಮೂವರು ಭಾವಂದಿರು ಯಾರೂ ಅವನ ಮಂಚದ ಮೇಲೆ ಕುಳಿತು ನಮಗೆ ವೈದ್ಯ ಕಲಿಸುತ್ತಿರಲಿಲ್ಲ. ನಾಗವೇಣಕ್ಕ ಮೊದಲ ದಿನವೇ ಅವನಿಗೆ ತಿಮ್ಮಣ್ಣ ಎಂದು ಹೆಸರಿಟ್ಟರು. "ಬಾಯಿ ತುಂಬ ಕರೆಯೂಕೆ ಬಾರದ ಮನಿಶಂಗೆ ನಾ ಸೂಜಿ ಹ್ಯಾಂಗೆ ಚುಚ್ಚೂದು?" ಎಂಬುದು ಅವರ ವಾದ.

ಇದ್ದದ್ದು ಒಂದೇ ಕಂಪ್ಯೂಟರು. ನಮಗೋ ಬಸ್ಸಿನ ಹೊತ್ತು, ಮಕ್ಕಳ ಶಾಲೆ, ಮನೆಯ ಅಡುಗೆ. ಮೂರನೇ ದಿನ ನಾನೇ ಮೊದಲು ಹೋಗಿ ಕೇಳಿದೆ. "ನಾಗವೇಣಕ್ಕಾ, ನನ್ನದೂ ಒಂದು ನೀವೇ ಮಾಡಿಬಿಡಿ. ನಿಮಗೆ ಹೇಗೂ ಕೈ ಕೂತಿದೆ."

"ನಿಂಗೆ ಕಲಿಯೂದು ಬೇಡ್ವನಾ?"

"ಪುಸ್ತಕದಲ್ಲಿ ಓದಿದ್ದೇನಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆತು. ಎರಡು ಬನ್ಸು, ಒಂದು ಚಾ" ಎಂದರು. ಸುದ್ದಿ ಹರಡಲು ತಡವಾಗಲಿಲ್ಲ. ವಾರ ಕಳೆಯುವುದರೊಳಗೆ ವಾರ್ಡಿನ ನರ್ಸುಗಳ ಪಾಸ್‌ವರ್ಡುಗಳೆಲ್ಲ ನಾಗವೇಣಕ್ಕನ ಡೈರಿಯಲ್ಲಿದ್ದವು. ಸಕ್ಕರೆ ಕಾಯಿಲೆಯ ತರಬೇತಿ ನಡೆದ ಅಷ್ಟೂ ದಿನ ನಮ್ಮಲ್ಲಿ ಖರ್ಚಾದದ್ದು ಸಕ್ಕರೆ ಹಾಕಿದ ಬನ್ಸು.

ಅವರು ತಿಮ್ಮಣ್ಣನನ್ನು ಕೊಲ್ಲುವುದನ್ನು ನಾನು ನೋಡಿದ್ದು ಆಗಲೇ. ಚಹಾ ಕೊಡಲು ಹೋದಾಗ ಅವನು ಶುಗರು ತೀರಾ ಇಳಿದು, ಬೆವರಿ, ಕೈ ನಡುಗಿ, ಪರದೆಯ ಮೇಲೆ ಯಾರಿಗೋ ಬೈಯುತ್ತಿದ್ದ. ನಾಗವೇಣಕ್ಕ ಕೆನ್ನೆಗೆ ಕೈ ಕೊಟ್ಟು ಸಿನಿಮಾ ನೋಡುವವರ ಹಾಗೆ ಕೂತಿದ್ದರು.

"ಸಕ್ಕರೆ ನೀರು ಕೊಡುವ ಬಟನ್ ಇದೆಯಲ್ಲ, ಒತ್ತಿ" ಎಂದೆ.

"ತಡಿಯೇ. ಒತ್ತದಿದ್ರೆ ಎಂತ ಆಗ್ತದೆ ನೋಡುವಾ."

"ಸಾಯ್ತಾನೆ, ಮತ್ತೇನು!"

"ಸಾಯ್ತಾನೆ ಅಂತ ನಂಗೂ ಗೊತ್ತು. ಹ್ಯಾಂಗೆ ಹ್ಯಾಂಗೆ ಆಗ್ತಾ ಸಾಯ್ತಾನೆ ಅಂತ ನೋಡೂಕೆ ಇಪ್ಪತ್ತಾರು ವರ್ಷದಲ್ಲಿ ಯಾರು ಬಿಟ್ಟಿದ್ರು ನಂಗೆ? ನೋಡು, ಮೊದಲು ಸುಮ್ಮನಾದ. ಆಮೇಲೆ ಸಿಟ್ಟು ಬಂತು. ಈಗ ಮಾತು ತೊದಲ್ತದೆ. ಕುಡಿದವರ ಹಾಂಗೇ ಇಲ್ವನಾ?"

ಈ ಕೊಲೆಗಳನ್ನೆಲ್ಲ ಅವರು ಮಾಡುತ್ತಿದ್ದದ್ದು ತಮ್ಮ ಹೆಸರಿನಲ್ಲಿ ಮಾತ್ರ. ಯಾಕೆಂದು ಕೇಳಿದ್ದಕ್ಕೆ, "ಬೇರೆಯವರ ಹೆಸರಲ್ಲಿ ಕೊಲ್ಲೂದು ಚಂದ ಅಲ್ಲ ಮಾರಾಯ್ತಿ" ಎಂದರು. ತಮ್ಮ ಖಾತೆಯಲ್ಲಿ ಎಲ್ಲ ತಪ್ಪುಗಳನ್ನೂ ಮಾಡಿ ನೋಡಿ, ಡೈರಿಯಲ್ಲಿ ಬರೆದು, ಆಮೇಲೆ ನಮ್ಮ ಖಾತೆಗಳಲ್ಲಿ ಒಂದೂ ದೊಡ್ಡ ತಪ್ಪಿಲ್ಲದಂತೆ ತಿಮ್ಮಣ್ಣನನ್ನು ಗುಣಪಡಿಸಿ ಮನೆಗೆ ಕಳಿಸಿದರು. ಎಲ್ಲರದ್ದೂ ಮುಗಿದ ಮೇಲೆ ತಮ್ಮದನ್ನೂ ಒಮ್ಮೆ ಸರಿಯಾಗಿ ಮಾಡಿ ಮುಗಿಸಿದರು. ಕೊನೆಯ ಸಲದ್ದು ಲೆಕ್ಕಕ್ಕೆ ಬರುತ್ತದೆಂದು ಅವರೂ ತಿಳಿದಿದ್ದರು, ನಾವೂ ತಿಳಿದಿದ್ದೆವು.

ಆ ಕೋರ್ಸು ಎಲ್ಲ ಸಲದ್ದನ್ನೂ ಕೂಡಿಸಿ ಸರಾಸರಿ ಹಾಕಿತು. ನೋಟಿಸು ಬೋರ್ಡಿನಲ್ಲಿ ಪಟ್ಟಿ ಬಂದಾಗ ನನ್ನ ಹೆಸರಿನ ಮುಂದೆ ತೊಂಬತ್ತೇಳು, ನಾಗವೇಣಕ್ಕನ ಮುಂದೆ ಇಪ್ಪತ್ತೆರಡು. ಇಡೀ ಆಸ್ಪತ್ರೆಯಲ್ಲಿ ಫೇಲಾದವರು ಅವರೊಬ್ಬರೇ. ಎಲ್ಲರ ಪರೀಕ್ಷೆ ಬರೆದವರು ಫೇಲು, ಪೇಪರು ನೋಡದವರು ಫಸ್ಟ್ ಕ್ಲಾಸು. ಮೇಟ್ರನ್ ಮೇಡಂ ಆರ್ಡರು ಹೊರಡಿಸಿದರು. ನಾಗವೇಣಿ ಸಿಸ್ಟರು ನಾಳೆಯಿಂದ ಹೊರರೋಗಿಗಳ ಟೋಕನ್ ಕೌಂಟರಿಗೆ. ಮತ್ತೆ ಪರೀಕ್ಷೆ ಕಟ್ಟಲು ಅವಕಾಶವಿಲ್ಲ.

ನಾವೆಲ್ಲ ಸೇರಿ ಅವರನ್ನು ಸಮಾಧಾನ ಮಾಡಿದೆವು. ಸಮಾಧಾನ ಮಾಡುವುದರಲ್ಲಿ ನಮಗೆ ಯಾರೂ ಸಮ ಇಲ್ಲ. ಹೋಗಿ ನಿಜ ಹೇಳುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ನಿಜ ಹೇಳಿದರೆ ನಮ್ಮ ಸರ್ಟಿಫಿಕೇಟು ಹೋಗುತ್ತಿತ್ತು, ಅದರ ಜೊತೆಗೆ ವಾರ್ಡೂ. ನಾಗವೇಣಕ್ಕನೂ ನಮ್ಮ ಹೆಸರು ಹೇಳಲಿಲ್ಲ. "ವಾರ್ಡು ಬಿಟ್ಟು ನಂಗೆ ಬೇರೆ ಎಂತ ಬತ್ತದೆ ಹೇಳು?" ಎಂದು ಒಂದೇ ಒಂದು ಸಲ ನನ್ನ ಹತ್ತಿರ ಅಂದರು. ಅವತ್ತು ಅವರ ಧ್ವನಿ ಪಕ್ಕದ ಮಂಚಕ್ಕೂ ಕೇಳಿಸಲಿಲ್ಲ. ಮಾರನೆಯ ದಿನದಿಂದ ಕೌಂಟರಿನಲ್ಲಿ ಕೂತು "ಇಪ್ಪತ್ತನಾಲ್ಕೂ!" ಎಂದು ಕೂಗತೊಡಗಿದರು. ಮೈಕು ಬೇಕಾಗಲಿಲ್ಲ.

ಮೂರು ವಾರವಾಗಿರಬಹುದು. ಬೆಳಗಿನ ಡ್ಯೂಟಿ ನನ್ನದು. ನಾಲ್ಕನೇ ಮಂಚದಲ್ಲಿ ಹೊನ್ನಾವರದ ಗಣಪತಿ ಎಂಬ ಬೋಟಿನ ಕೆಲಸದವರಿದ್ದರು. ಕಾಲಿಗೆ ಮೀನಿನ ಮುಳ್ಳು ಹೊಕ್ಕು, ಶುಗರು ಏರಿ, ಗಾಯ ಮಾಯದೆ ಸೇರಿದವರು. ಇನ್ಸುಲಿನ್ ಟ್ರೇ ಹಿಡಿದು ಹೋಗಿ ಸಭ್ಯತೆಯಿಂದ ಕೇಳಿದೆ. "ಗಣಪತಣ್ಣ, ತಿಂಡಿ ಆತಾ?"

"ಆತು, ಆತು" ಎಂದರು ನಗುನಗುತ್ತಾ.

ತಿಂಡಿ ಆಗಿಯೇ ಹೋಗಿದೆ, ನನ್ನದು ತಡವಾಯಿತು ಎಂದು ಗಡಿಬಿಡಿಯಲ್ಲಿ ಇನ್ಸುಲಿನ್ ಕೊಟ್ಟು ಮುಂದೆ ಹೋದೆ. ಗಂಟೆ ಕಳೆದಿರಬೇಕು, ನಾಲ್ಕನೇ ಮಂಚದಿಂದ ಗಲಾಟೆ. ಗಣಪತಿಯವರು ದಿಂಬು ಎಸೆದು, "ಯಾರೇ ನೀನು? ನನ್ನ ಬಲೆ ಎಲ್ಲಿಟ್ಟೆ?" ಎಂದು ತೊದಲುತ್ತ ನನ್ನ ಮೇಲೆ ಕೈ ಎತ್ತಿದರು. ಯಾರೋ ಕದ್ದು ಸಾರಾಯಿ ತಂದುಕೊಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಬೋಟಿನವರೆಂದರೆ ಹೀಗೇ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಕೈಕಾಲು ಹಿಡಿಯಲು ವಾರ್ಡ್‌ಬಾಯನ್ನು ಕರೆಯುತ್ತಿದ್ದೆ. ತೊಂಬತ್ತೇಳು ಅಂಕದ ಬುದ್ಧಿ ಅಲ್ಲಿಗೇ ನಿಂತಿತ್ತು.

ಗಲಾಟೆ ಕೇಳಿ ನಾಗವೇಣಕ್ಕ ಟೋಕನ್ ಚೀಟಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದರು. ಬಾಗಿಲಲ್ಲಿ ನಿಂತು ಒಂದು ಸಲ ಗಣಪತಿಯವರ ಮುಖ ನೋಡಿದರು, ಅಷ್ಟೇ.

"ಕುಡಿದದ್ದಲ್ಲ ಅದು. ಶುಗರು ನೋಡು ಮೊದಲು. ಬೆವರು ಕಾಣೂದಿಲ್ವನೇ ನಿಂಗೆ?"

ನೋಡಿದೆ. ಮೂವತ್ತೆಂಟು. ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದ್ದು. ನಾಗವೇಣಕ್ಕ ಸಕ್ಕರೆ ನೀರು ಹಿಡಿದರು. ಗಣಪತಿಯವರು ಅದನ್ನು ಹೊಡೆದು ಚೆಲ್ಲಿದರು, ಕಣ್ಣು ಮೇಲಾಗತೊಡಗಿತು. "ಇನ್ನು ಬಾಯಿಗೆ ಹಾಕಬೇಡ, ಗಂಟಲಲ್ಲಿ ನಿಲ್ತದೆ. ಡೆಕ್ಸ್‌ಟ್ರೋಸ್ ತಾ. ಡಾಕ್ಟ್ರಿಗೆ ಫೋನು ಮಾಡು. ಓಡು!" ಡ್ಯೂಟಿ ಡಾಕ್ಟರು ಫೋನಿನಲ್ಲಿ ಹೂಂ ಎನ್ನುವಷ್ಟರಲ್ಲಿ ನಾಗವೇಣಕ್ಕನ ಕೈಯಿಂದ ಸಕ್ಕರೆ ದ್ರಾವಣದ ಸೂಜಿ ನರಕ್ಕೆ ಹೋಗಿತ್ತು. ಸ್ವಲ್ಪ ಹೊತ್ತಿನಲ್ಲಿ ಗಣಪತಿಯವರು ಕಣ್ಣು ಬಿಟ್ಟು, ತಾನು ಎಲ್ಲಿದ್ದೇನೆಂದು ನೋಡಿ, ದಿಂಬು ಯಾರು ಎಸೆದರೆಂದು ಕೇಳಿದರು.

ಆಗ ಅವರ ಹೆಂಡತಿ ಹೊನ್ನಾವರದ ಪೇಟೆಯಲ್ಲಿ ಮೀನು ಮಾರಿ ಮುಗಿಸಿ, ಬಸ್ಸಿಳಿದು, ಓಡುತ್ತ ಬಂದರು. "ತಿಂಡಿ ಆತು ಅಂತ ಹೇಳಿದ್ರಾ? ಎಲ್ಲಿ ತಿಂದ್ರು? ಗಂಜಿ ನನ್ನ ಕೈಯಲ್ಲೇ ಉಂಟಲ್ಲ!"

ನನ್ನ ಇನ್ಸುಲಿನ್ ಬಿದ್ದದ್ದು ಖಾಲಿ ಹೊಟ್ಟೆಗೆ. ನಾಗವೇಣಕ್ಕ ನನ್ನ ಕಡೆ ತಿರುಗಿ, "ನಮ್ಮ ಬದಿಯಲ್ಲಿ ಊಟ ಆತಾ ಕೇಳಿದ್ರೆ ಇಲ್ಲ ಅಂತ ಯಾರು ಹೇಳ್ತ್ರೇ? ಹೊಟ್ಟೆ ಬೆನ್ನಿಗೆ ಹತ್ತಿದ್ರೂ ಆತು ಅಂತ್ರು. ಹಸಿವು ಹೇಳಿಕೊಳ್ಳೂದು ಮರ್ಯಾದೆ ಅಲ್ಲ. ತಿಮ್ಮಣ್ಣ ಪರದೇಶದವ, ಅವ ನಿಜ ಹೇಳ್ತ. ಇವರದ್ದು ಡಬ್ಬಿ ತೆಗೆದೇ ನೋಡಬೇಕು" ಎಂದರು. ಹಾಗೆಂದು ಕೌಂಟರಿಗೆ ಹೋದರು. ಅಲ್ಲಿ ಜನ ಟೋಕನಿಗಾಗಿ ಕೂಗುತ್ತಿದ್ದರು.

ಸಂಜೆ ದೊಡ್ಡ ಡಾಕ್ಟರು ಮೀಟಿಂಗು ಕರೆದರು. ರೋಗಿ ಉಳಿದದ್ದಕ್ಕೆ ಅವರಿಗೆ ಸಂತೋಷ. ಡ್ಯೂಟಿಯಲ್ಲಿದ್ದವರು ಯಾರೆಂದು ಕೇಳಿದರು. ನಾನು ಎದ್ದು ನಿಂತೆ. "ನೋಡಿ, ತರಬೇತಿಯ ಫಲ! ತೊಂಬತ್ತೇಳು ಸುಮ್ಮನೆ ಬರುವುದಿಲ್ಲ. ಆ ಲಕ್ಷಣ ಗುರುತಿಸಲು ಎಲ್ಲಿ ಕಲಿತಿರಿ ಸಿಸ್ಟರ್?" ಎಂದರು. ನಾಗವೇಣಕ್ಕ ಕೊನೆಯ ಸಾಲಿನಲ್ಲಿದ್ದರು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು, ಅವರು ಮರುದಿನ ವಾರ್ಡಿನಲ್ಲಿರುತ್ತಿದ್ದರು. ನಾನು ಟೋಕನ್ ಕೌಂಟರಿನಲ್ಲಿರುತ್ತಿದ್ದೆ.

"ಕೋರ್ಸಿನಲ್ಲಿ ಸರ್" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಗವೇಣಕ್ಕ ತಟ್ಟಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವರು ಆ ತಿಂಗಳ ಕೊನೆಗೆ ಕೆಲಸ ಬಿಟ್ಟರು. ಕೊನೆಯ ಸಲ ಕಂಡದ್ದು ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ. ಭಟ್ಕಳದಲ್ಲಿ ಒಬ್ಬ ಡಾಕ್ಟರರ ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿದೆ, ಅಲ್ಲಿ ಕಂಪ್ಯೂಟರೇ ಇಲ್ಲ ಎಂದರು. ನಾನು ಏನೋ ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದರು.

"ಅಳಬೇಡ, ಜನ ನೋಡ್ತ್ರು. ಒಂದು ಕೆಲಸ ಮಾಡು. ಆ ಕೋರ್ಸು ನೀನೇ ಒಂದು ಸಲ ಕೂತು ಮಾಡು. ಕೊಲ್ಲು ಅವನನ್ನ. ನಾಕು ಸಲ ಕೊಲ್ಲು. ವಾರ್ಡಿನಲ್ಲಿ ಅಷ್ಟು ಸಸಾರಕ್ಕೆ ಯಾರೂ ಸಿಗೂದಿಲ್ಲ." ಭಟ್ಕಳದ ಬಸ್ಸು ಬಂತು. ಕಿಟಕಿಯ ಸೀಟಿಗಾಗಿ ಇಬ್ಬರೊಡನೆ ಜಗಳ ಮಾಡಿ, ಗೆದ್ದು, ಕೂತು ಹೋದರು.

ಮರುದಿನ ರೆಕಾರ್ಡ್ ರೂಮಿಗೆ ಹೋಗಿ ಮೊದಲ ಸಲ ನನ್ನ ಖಾತೆಯನ್ನು ನಾನೇ ತೆರೆದೆ. ಅಭಿನಂದನೆಗಳು, ನೀವು ತರಬೇತಿಯನ್ನು ಯಶಸ್ವಿಯಾಗಿ ಮುಗಿಸಿದ್ದೀರಿ ಎಂದು ಬಂತು. ಪಾಸಾದವರಿಗೆ ಅದು ಮತ್ತೆ ತೆರೆಯುವುದಿಲ್ಲ. ಅಲ್ಲಿಂದ ನೆಟ್ಟಗೆ ಮೇಟ್ರನ್ ಕೋಣೆಗೆ ಹೋದೆ. ಧೈರ್ಯ ಇಳಿಯುವ ಮೊದಲೇ ಎಲ್ಲ ಹೇಳಿಬಿಟ್ಟೆ. ನನ್ನ ಕೋರ್ಸು ಮಾಡಿದ್ದು ನಾಗವೇಣಕ್ಕ, ವಾರ್ಡಿನವರೆಲ್ಲರದ್ದನ್ನೂ ಮಾಡಿದ್ದು ಅವರೇ, ಗಣಪತಿಯವರನ್ನು ಉಳಿಸಿದ್ದೂ ಅವರೇ, ದಯವಿಟ್ಟು ಅವರನ್ನು ವಾಪಸು ಕರೆಯಿರಿ ಎಂದೆ.

ಮೇಟ್ರನ್ ಮೇಡಂ ಎದ್ದು ಬಾಗಿಲು ಹಾಕಿದರು.

"ನನ್ನದನ್ನೂ ಅವರೇ ಮಾಡಿದ್ದು" ಎಂದರು.

"ಗೊತ್ತಿದ್ದೂ ಅವರನ್ನ ಟೋಕನಿಗೆ ಹಾಕಿದ್ರಾ ಮೇಡಂ?"

"ಗೊತ್ತಿದ್ದದ್ದಕ್ಕೇ ಹಾಕಿದ್ದು. ವಾರ್ಡಿನಲ್ಲಿದ್ರೆ ದಿನಾ ಅವರ ಮುಖ ನೋಡಬೇಕಾಗ್ತಿತ್ತು. ಮೀಟಿಂಗಲ್ಲಿ ನೀನು ಹೇಳಿಬಿಡ್ತಿ ಅಂತ ಹೆದರಿ ಕೂತಿದ್ದೆ. ನೀನು ಹೇಳಲಿಲ್ಲ. ಬಚಾವಾದೆ ಅಂದುಕೊಂಡೆ. ಈಗ ಅವರು ಹೋದ ಮೇಲೆ ಹೇಳೂಕೆ ಬಂದಿದ್ಯಲ್ಲ, ನಾನು ಬೇರೆ, ನೀನು ಬೇರೆ ಅಂತ ಮಾಡಿದ್ಯಾ?"

ಹೌದು, ಬೇರೆ ಎನ್ನಲು ಬಾಯಿ ತೆರೆದೆ. ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡು ವಾರ್ಡಿಗೆ ಬಂದೆ.